ಇಳಿಯುವ ಟಿಕೆಟ್

ಎಲ್ಲ ಬಸ್ಸುಗಳಲ್ಲೂ ಹತ್ತುವುದಕ್ಕೆ ಟಿಕೆಟ್ ಬೇಕು. ಡ್ರೈವರ್ ಮಾಮನ ಬಸ್ಸಿನಲ್ಲಿ ಮಾತ್ರ ಇಳಿಯುವುದಕ್ಕೆ ಬೇಕಿತ್ತು.

ಬಸ್ಸು ಅಂದರೆ ದೊಡ್ಡದೇನಲ್ಲ. ಮೂವತ್ತೆರಡು ಸೀಟಿನ, ಬಿಸಿಲಿಗೆ ಹಳದಿ ಬಣ್ಣವೆಲ್ಲ ಬೆಳ್ಳಗಾದ, ಮೂರನೇ ಗೇರಿಗೆ ಹಾಕುವಾಗ ತಪ್ಪದೆ ಒಂದು ಸಲ ಕೆಮ್ಮುವ ಗಾಡಿ. ಶಾಲೆಯೂ ಅದಕ್ಕೆ ತಕ್ಕಂತೆಯೇ ಇತ್ತು: ನಾಲ್ಕು ಕೋಣೆ, ಐದು ಜನ ಟೀಚರು, ಎಪ್ಪತ್ತು ಚಿಲ್ಲರೆ ಮಕ್ಕಳು. ಅದರ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಆಳು ನೋಡಿದರೆ ಐದನೇ ತರಗತಿಯ ಮಕ್ಕಳ ಭುಜಕ್ಕೆ ಬರುವಷ್ಟೇ ಎತ್ತರ. ಹಟ ಮಾತ್ರ ಛಾವಣಿ ಮುಟ್ಟುವಷ್ಟು. ಪುಸ್ತಕ ಓದಿಸುವುದಕ್ಕೆ ಶಾಲೆಯೇ ಬೇಕಾಗಿಲ್ಲ, ಮಕ್ಕಳಿಗೆ ಊರನ್ನೇ ಓದಿಸಬೇಕು ಎಂಬುದು ಅವರ ಪಟ್ಟು. ಹಾಗಾಗಿ ತಿಂಗಳಿಗೊಂದು ಸಲ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಮ್ಯೂಸಿಯಂ, ನಾಟಕದ ಮನೆ, ಅಚ್ಚುಕೂಟ, ಸಂಗೀತದ ಸಭಾಂಗಣ ಎಂದು ಹೊರಟುಬಿಡುತ್ತಿದ್ದರು. ಕರೆದುಕೊಂಡು ಹೋಗುವವನು ಮಾಮ. ಒಳಗೆ ಹೋಗದೆ ಹೊರಗೆ ಕೂರುವವನೂ ಮಾಮನೇ.

ಮೊದಲ ವರ್ಷ ಅವನೂ ಹೋಗಿದ್ದ. ಮ್ಯೂಸಿಯಂನ ಕಲ್ಲಿನ ಮೆಟ್ಟಿಲನ್ನು ಮಕ್ಕಳ ಹಿಂದೆಯೇ ಹತ್ತಿ ಬಾಗಿಲವರೆಗೂ ಹೋದ. ಬಾಗಿಲು ಕಾಯುವವನು ಅವನ ಸಮವಸ್ತ್ರವನ್ನು ಮೇಲಿಂದ ಕೆಳಗೆ ನೋಡಿ, "ಡ್ರೈವರ್‌ಗಳೆಲ್ಲ ಗಾಡಿ ಹತ್ರ ಇರ್ಬೇಕಪ್ಪ" ಎಂದ. ಬೈಯಲಿಲ್ಲ, ತಳ್ಳಲಿಲ್ಲ, ಅಷ್ಟೇ ಹೇಳಿದ್ದು. ಆದರೆ ಮೂವತ್ತು ಮಕ್ಕಳ ಎದುರಿಗೆ ಹೇಳಿದ. ಮಾಮನ ಮುಖ ಸಣ್ಣದಾಯಿತು. ತಿರುಗಿ ಬಂದು ಸ್ಟೇರಿಂಗ್ ಹಿಂದೆ ಕೂತವನು ಇಪ್ಪತ್ತೆರಡು ವರ್ಷ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಅವತ್ತು ವಾಪಸ್ಸು ಬರುವಾಗ ಮುಂದಿನ ಸೀಟಿನ ಪುಟ್ಟ ಹುಡುಗಿಯೊಬ್ಬಳು, "ಮಾಮ, ನೀವ್ಯಾಕೆ ಬರ್ಲಿಲ್ಲ?" ಎಂದು ಕೇಳಿದಳು.

"ಗಾಡಿ ಕಾಯೋರು ಯಾರು? ನಾನು ನೋಡಿಲ್ಲ ಅಲ್ವಾ, ನೀನು ನೋಡಿದ್ದು ಒಂದು ಹೇಳಿ ಇಳಿ. ಇಲ್ದಿದ್ರೆ ಬಾಗಿಲು ತೆಗೆಯಲ್ಲ."

ಸಿಟ್ಟಿನಲ್ಲಿ ಹುಟ್ಟಿದ ಮಾತು ಕಾನೂನಾಗಿ ನಿಂತಿತು. ಯಾವ ಪ್ರವಾಸವಾದರೂ ಸರಿ, ಶಾಲೆಯ ಮುಂದೆ ಬಸ್ಸು ನಿಂತ ಮೇಲೆ ಪ್ರತಿಯೊಬ್ಬರೂ ಮಾಮನಿಗೆ ಒಂದೊಂದು ಸಂಗತಿ ಹೇಳಿ ಇಳಿಯಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಸಾಲಿನ ಕೊನೆಯಲ್ಲಿ ನಿಂತವರ ಪಾಡು ಕೇಳಬೇಡಿ! ದೊಡ್ಡದೆಲ್ಲ ಮುಂದಿನವರ ಪಾಲಾಗಿ, ಇವರಿಗೆ ಉಳಿಯುತ್ತಿದ್ದದ್ದು ಮಡಕೆಯ ಕಂಠದ ಬಿರುಕು, ಕಂಬದ ಬುಡದಲ್ಲಿ ಕೆತ್ತಿದ ಕಪ್ಪೆ ಮಾತ್ರ. ಒಂದೆರಡು ಸಲ ಸಿಕ್ಕಿಬಿದ್ದ ಮಕ್ಕಳು ಆಮೇಲಾಮೇಲೆ ಮೂರು ನಾಲ್ಕು ಸಂಗತಿಗಳನ್ನು ಮೊದಲೇ ಕೂಡಿಟ್ಟುಕೊಂಡು ಬರತೊಡಗಿದವು. ಬಾಗಿ ನೋಡುವುದು, ಹಿಂದೆ ಹೋಗಿ ನೋಡುವುದು, ಗೈಡಿಗೆ ಬೆವರಿಳಿಯುವಂತೆ ಪ್ರಶ್ನೆ ಕೇಳುವುದು ಎಲ್ಲವೂ ಶುರುವಾಯಿತು. ದೊಡ್ಡ ಟೀಚರ್ ಇದನ್ನು ಗಮನಿಸಿ, ಪ್ರವಾಸದ ಮೇಲೆ ಪ್ರಬಂಧ ಬರೆಸುವುದನ್ನೇ ನಿಲ್ಲಿಸಿಬಿಟ್ಟರು.

ಊರನ್ನು ನೋಡಲು ಹೋದದ್ದು ಒಂದು ಕಡೆಯಾದರೆ, ಊರನ್ನೇ ಶಾಲೆಗೆ ಕರೆಸಿದ್ದು ಇನ್ನೊಂದು ಕಡೆ. ಪ್ರತಿ ಸೋಮವಾರ ಒಬ್ಬ ಅತಿಥಿ ಬರುತ್ತಿದ್ದರು. ಅದಕ್ಕೆಂದೇ ಕೈಯಿರುವ ಒಂದು ಮರದ ಕುರ್ಚಿಯಿತ್ತು. ಅದನ್ನು ಆಫೀಸಿನಿಂದ ಹೊತ್ತು ತಂದು, ಒರೆಸಿ ಇಡುವುದು ಮಾಮನ ಕೆಲಸ. ಅತಿಥಿಯನ್ನು ಬಸ್ಸಿನಲ್ಲಿ ಕರೆತರುವುದೂ ಅವನೇ. ಮೊದಲನೇ ಅತಿಥಿಯಾಗಿ ಟೆಲಿಫೋನ್ ಕಚೇರಿಯ ಮೇಲಧಿಕಾರಿಯೊಬ್ಬರನ್ನು ಕರೆದಿದ್ದರು. ಶಿಸ್ತಿನ ಬಗ್ಗೆ ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಮೂರು ಮಕ್ಕಳು ನಿದ್ದೆಹೋದವು, ಒಂದು ಬೆಂಚಿನಿಂದ ಕೆಳಗೇ ಬಿತ್ತು. ಅತಿಥಿಗಳು ಮಾತ್ರ ತಮ್ಮ ಭಾಷಣ ಅದ್ಭುತವಾಗಿತ್ತೆಂದೇ ತಿಳಿದು ಮನೆಗೆ ಹೋದರು.

"ಟೀಚರ್, ಬರೋರು ಬರೀ ಬಾಯಿ ಹಿಡ್ಕೊಂಡು ಬಂದ್ರೆ ಹೀಗೇ ಆಗೋದು. ಕೈಲಿ ಏನಾದ್ರೂ ಹಿಡ್ಕೊಂಡು ಬರಕ್ಕೆ ಹೇಳಿ" ಎಂದ ಮಾಮ.

ಅಲ್ಲಿಂದ ಮುಂದೆ ಅತಿಥಿಗಳು ಬರಿಗೈಯಲ್ಲಿ ಬರಲಿಲ್ಲ. ಬೀಗದ ಕೈ ಮಾಡುವವನು ಕಬ್ಬಿಣ ಉಜ್ಜುವ ಅರದ ಜೊತೆ ಬಂದ. ಆಸ್ಪತ್ರೆಯ ನರ್ಸಮ್ಮ ಪಟ್ಟಿಯ ಸುರುಳಿ ತಂದು, ದೊಡ್ಡ ಟೀಚರ ಕೈಗೇ ಮುರಿದಂತೆ ಕಟ್ಟು ಹಾಕಿ ತೋರಿಸಿದಳು. ಬೋರ್ಡು ಬರೆಯುವವನು ಗೆರೆಯೇ ಎಳೆಯದೆ ನೇರ ಸಾಲು ಬರೆದಾಗ ಮಕ್ಕಳು ಉಸಿರು ಬಿಗಿಹಿಡಿದು ಕೂತವು. ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ ಮಾಮ ಪ್ರತಿಯೊಬ್ಬರಿಗೂ ಕಿವಿಮಾತು ಹೇಳುತ್ತಿದ್ದ: "ಭಾಷಣ ಬೇಡ. ಮಾಡಿ ತೋರಿಸಿ." ಒಂದು ದಿನ ದೊಡ್ಡ ಟೀಚರ್, "ನೀವೂ ಒಂದು ಸೋಮವಾರ ಬನ್ನಿ" ಎಂದರೆ, ಅವನು ನಕ್ಕುಬಿಟ್ಟ. "ನಾನೇನು ತರ್ಲಿ? ಸ್ಟೇರಿಂಗ್ ಕಿತ್ಕೊಂಡು ಬರ್ಲಾ?" ಎಂದು ಕುರ್ಚಿಯನ್ನು ಹೊತ್ತುಕೊಂಡು ಹೋದ. ಇಷ್ಟು ವರ್ಷದಲ್ಲಿ ಅದರ ಮೇಲೆ ಒಂದು ಸಲವೂ ಕೂತವನಲ್ಲ.

ಆದರೆ ಅವನ ತಲೆಯೊಳಗೆ ಒಂದು ಇಡೀ ಮ್ಯೂಸಿಯಂ ಕಟ್ಟಿ ನಿಂತಿತ್ತು. ಮ್ಯೂಸಿಯಂ ಒಂದರಿಂದಲೇ ವರ್ಷಕ್ಕೆ ಮೂವತ್ತು ಟಿಕೆಟ್ಟಿನಂತೆ ಲೆಕ್ಕ ಹಾಕಿ! ಒಳಗೆ ಹೋದ ಕೂಡಲೇ ದೋಣಿ, ಬಲಕ್ಕೆ ಹೋದರೆ ಮಡಕೆಗಳು, ಅದರಾಚೆ ಮೂರನೇ ಕೋಣೆಯಲ್ಲಿ ಅಜ್ಜಿ. ಈ ಅಜ್ಜಿಯ ಮೇಲೆ ಮಾಮನಿಗೆ ವಿಶೇಷ ಅಕ್ಕರೆ. ಹಸಿರು ಶಾಲು ಹೊದ್ದು ಕೂತಿರುತ್ತಾರಂತೆ, ಯಾವ ಮೂಲೆಗೆ ಹೋದರೂ ಮಕ್ಕಳನ್ನೇ ನೋಡುತ್ತಿರುತ್ತಾರಂತೆ, ಎಷ್ಟು ಗಲಾಟೆ ಮಾಡಿದರೂ ಬೈಯುವುದಿಲ್ಲವಂತೆ. ಆ ಕೋಣೆ ಕಾಯುವ ಹೆಂಗಸಿರಬೇಕು ಎಂದುಕೊಂಡಿದ್ದ ಮಾಮ. ಬಾಗಿಲಲ್ಲಿದ್ದ ಗಂಟುಮುಖದವನಂತಲ್ಲ, ಒಳ್ಳೆಯ ಜೀವ. ಪ್ರತಿ ವರ್ಷವೂ ಮಕ್ಕಳ ಕೈಯಲ್ಲಿ, "ಅಜ್ಜಿಗೆ ನನ್ನ ನಮಸ್ಕಾರ ಹೇಳಿ" ಎಂದು ಕಳಿಸುತ್ತಿದ್ದ. "ಹೇಳಿದ್ವಿ ಮಾಮ, ನಕ್ರು" ಎಂದು ಮಕ್ಕಳು ಉತ್ತರ ತರುತ್ತಿದ್ದವು. ಯಾವಾಗ ನೋಡಿದರೂ ಕೂತೇ ಇರುತ್ತಾರೆಂದು ಕೇಳಿ, ಮೊಣಕಾಲು ನೋವಿರಬೇಕೆಂದು ಒಂದು ವರ್ಷ ನೋವಿನ ಎಣ್ಣೆಯ ಬಾಟಲಿಯನ್ನೂ ಕಳಿಸಿದ್ದ. ದೊಡ್ಡ ಟೀಚರ್ ಇದೆಲ್ಲ ಮಾಮ ಮಕ್ಕಳೊಂದಿಗೆ ಆಡುವ ತಮಾಷೆ ಎಂದುಕೊಂಡು ಸುಮ್ಮನಿದ್ದರು.

ರಾತ್ರಿಯ ಊಟದ ಹೊತ್ತಿಗೆ ಅವತ್ತಿನ ಟಿಕೆಟ್ಟುಗಳೆಲ್ಲ ಹೆಂಡತಿಯ ಮುಂದೆ ಬೀಳುತ್ತಿದ್ದವು.

"ಇಷ್ಟೆಲ್ಲ ಹೇಳ್ತೀರಲ್ಲ, ಒಂದು ಭಾನುವಾರ ಹೋಗಿ ನೋಡ್ಕೊಂಡು ಬರೋಣ ನಡೀರಿ" ಎನ್ನುತ್ತಿದ್ದಳು ಅವಳು.

"ಕರೀದೆ ಹೋಗೋ ಮನೆ ಅಲ್ಲ ಅದು."

"ಆಹಾ, ನಿಮಗೆ ಕಾಗದ ಬರೆದು ಕರೀತಾರೆ, ಕಾಯ್ತಾ ಇರಿ!"

ಹೀಗಿರುವಾಗ ಶಾಲಾ ಸಮಿತಿಗೆ ಹೊಸ ಅಧ್ಯಕ್ಷರು ಬಂದರು. ಯಾರು ಅಂತೀರಿ? ಅದೇ ಟೆಲಿಫೋನ್ ಕಚೇರಿಯ ಮೇಲಧಿಕಾರಿ, ಈಗ ನಿವೃತ್ತರು. ಅವರ ಮೊಮ್ಮಗಳು ಮೂರನೇ ತರಗತಿಯಲ್ಲಿದ್ದಳು. ವಟವಟ ಮಾತಾಡುವ ಅವಳನ್ನು ಮಾಮ ರೇಡಿಯೋ ಎಂದು ಕರೆಯುತ್ತಿದ್ದ. ಅಧ್ಯಕ್ಷರು ಕೆಟ್ಟವರೇನಲ್ಲ, ಆದರೆ ಕಣ್ಣಿಗೆ ಕಾಣುವ ಉಪಯೋಗವಿಲ್ಲದ್ದನ್ನು ಸಹಿಸುವವರಲ್ಲ. ಮೊದಲ ಸಭೆಯಲ್ಲೇ, "ತಿಂಗಳಿಗೊಂದು ದಿನ ಹಾಳು. ತರಗತಿಗೊಂದು ದೊಡ್ಡ ಪರದೆ ಹಾಕಿದರೆ ಕೂತಲ್ಲೇ ಎಲ್ಲ ತೋರಿಸಬಹುದು. ಈ ಸಲ ನಾನೂ ಜೊತೆಗೆ ಬರ್ತೀನಿ. ನೋಡ್ಕೊಂಡು ಬಂದು ಶನಿವಾರದ ಸಭೆಯಲ್ಲಿ ತೀರ್ಮಾನ ಮಾಡೋಣ" ಎಂದರು.

ಈ ಸುದ್ದಿ ಮಾಮನ ಕಿವಿಗೂ ಬಿತ್ತು. ಪ್ರವಾಸ ನಿಂತರೂ ಕೆಲಸವೇನೂ ಹೋಗುವುದಿಲ್ಲ, ಬೆಳಿಗ್ಗೆ ಸಂಜೆ ಮಕ್ಕಳನ್ನು ತಂದು ಬಿಡುವುದು ಇದ್ದೇ ಇತ್ತು. ಹೋಗುವುದು ಟಿಕೆಟ್ಟು. ತಾನು ಹೋಗದ ಕಡೆಗಳಿಂದ ಇಪ್ಪತ್ತೆರಡು ವರ್ಷ ತನ್ನ ಮಡಿಲಿಗೆ ಬಂದು ಬೀಳುತ್ತಿದ್ದ ಲೋಕವೆಲ್ಲ ಒಂದೇ ಸಲಕ್ಕೆ ನಿಂತುಹೋಗುತ್ತದಲ್ಲ ಎಂಬುದೇ ಅವನ ಸಂಕಟ.

ಗುರುವಾರ ಹೊರಟರು. ಅಧ್ಯಕ್ಷರು ಮುಂದಿನ ಸೀಟಿನಲ್ಲಿ ಕೈಗಡಿಯಾರ ನೋಡುತ್ತಾ ಕೂತಿದ್ದರು. ಮ್ಯೂಸಿಯಂ ಬಂತು. ಎಲ್ಲರೂ ಇಳಿದರು. ಮಾಮ ಎಂದಿನಂತೆ ನೆರಳು ಹುಡುಕಿ ಗಾಡಿ ನಿಲ್ಲಿಸಿ, ಕನ್ನಡಿ ಒರೆಸತೊಡಗಿದ. ಹತ್ತು ನಿಮಿಷವೂ ಆಗಿಲ್ಲ, ದೊಡ್ಡ ಟೀಚರ್ ಓಡೋಡಿ ಬಂದರು.

"ಗೈಡ್ ಕೈಕೊಟ್ಟರು. ಗಂಟಲು ಕಟ್ಟಿ ಮನೇಲಿ ಮಲಗಿದ್ದಾರಂತೆ, ಬೇರೆ ಯಾರೂ ಇಲ್ಲ. ಅಧ್ಯಕ್ಷರು 'ಇದಕ್ಕೇ ನಾನು ಹೇಳಿದ್ದು, ವಾಪಸ್ ನಡೀರಿ' ಅಂತಿದ್ದಾರೆ. ನನಗೆ ನೆಟ್ಟಗೆ ನಾಲ್ಕು ಮಾತು ಗೊತ್ತಿಲ್ಲ, ಇಷ್ಟು ವರ್ಷ ಮಕ್ಕಳನ್ನ ಎಣಿಸೋದ್ರಲ್ಲೇ ಕಳೆದೆ. ನೀವು ಬನ್ನಿ."

"ನಾನಾ? ನಾನು ಒಳಗೇ ಹೋಗಿಲ್ವಲ್ಲ ಟೀಚರ್!"

"ಎಲ್ಲೆಲ್ಲಿ ಏನೇನಿದೆ ಹೇಳಿ ನೋಡೋಣ."

"ಹೋಗ್ತಿದ್ದಂಗೆ ದೋಣಿ, ಬಲಕ್ಕೆ ಮಡಕೆ..." ಎಂದು ಶುರುಮಾಡಿದ ಮಾಮ ಅಲ್ಲಿಗೇ ನಿಲ್ಲಿಸಿದ. "ಗಾಡಿ?"

"ಬೀಗ ಹಾಕಿ. ಅದೇನು ಓಡಿಹೋಗಲ್ಲ."

ಗಾಡಿಗೆ ಬೀಗ ಹಾಕಿ, ಮಾಮ ಆ ಮೆಟ್ಟಿಲನ್ನು ಎರಡನೇ ಸಲ ಹತ್ತಿದ. ಬಾಗಿಲಲ್ಲಿ ಈಗ ಹಳಬನಿರಲಿಲ್ಲ, ಚಿಕ್ಕ ವಯಸ್ಸಿನ ಹೆಂಗಸೊಬ್ಬಳಿದ್ದಳು. ಅವಳು ಅವನ ಸಮವಸ್ತ್ರ ನೋಡಿ ಬಾಯಿ ತೆರೆಯುವ ಮೊದಲೇ ದೊಡ್ಡ ಟೀಚರ್, "ಇವರು ಇವತ್ತಿನ ಗೈಡು" ಎಂದುಬಿಟ್ಟರು. ಅಧ್ಯಕ್ಷರ ಹುಬ್ಬು ಮೇಲೇರಿತು. ಮಾಮ ಕಾಲೊರಸಿನ ಮೇಲೆ ಎರಡೆರಡು ಸಲ ಕಾಲು ಒರೆಸಿಕೊಂಡು ಒಳಗೆ ಹೋದ.

ದೋಣಿ ಅವನು ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ದೊಡ್ಡದಿತ್ತು. ಮಕ್ಕಳು ಯಾವತ್ತೂ ಅಳತೆ ಹೇಳಿರಲಿಲ್ಲ. ಅದರ ಈ ತುದಿಯಿಂದ ಆ ತುದಿಯವರೆಗೂ ಕಣ್ಣಾಡಿಸಿದ. ಆಮೇಲೆ ರೇಡಿಯೋ ಅವನ ಅಂಗಿ ಜಗ್ಗಿದಳು.

"ಮೊಳೆ ಹುಡುಕಿ. ಇಡೀ ದೋಣೀಲಿ ಒಂದು ಮೊಳೆ ಹುಡುಕಿಕೊಟ್ರೆ ಇವತ್ತು ಟಿಕೆಟ್ ಇಲ್ದೇ ಇಳೀಬಹುದು" ಎಂದ ಮಾಮ.

ಮೂವತ್ತು ಮಕ್ಕಳು ದೋಣಿಯ ಸುತ್ತ ಮುಗಿಬಿದ್ದವು. ಮೊಳೆಯಿಲ್ಲ! ಹಲಗೆಗೆ ಹಲಗೆ ಸೇರಿಸಿ ಹಗ್ಗದಲ್ಲಿ ಹೊಲಿದಿದ್ದಾರೆ, ನೀರಿಗೆ ಬಿದ್ದ ಕೂಡಲೇ ಹಗ್ಗ ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ ಎಂದು ಮಾಮ ವಿವರಿಸಿದ. ಎಂಟು ವರ್ಷದ ಹಿಂದೆ ಸಾಲಿನ ಕೊನೆಯಲ್ಲಿದ್ದ ಹುಡುಗನೊಬ್ಬ ಗೈಡನ್ನು ಪೀಡಿಸಿ ತಿಳಿದು ತಂದ ಟಿಕೆಟ್ಟು ಅದು. ಅಧ್ಯಕ್ಷರೂ ಯಾರಿಗೂ ಕಾಣದಂತೆ ಬಗ್ಗಿ ಮೊಳೆ ಹುಡುಕಿದರು. ದೋಣಿಯ ಹಿಂತುದಿಗೆ ಬಂದಾಗ ಮಾಮ ತಾನೇ ಬಗ್ಗಿ ಏನನ್ನೋ ನೋಡಿದ, ಬಹಳ ಹೊತ್ತು ನೋಡಿದ. ಏನೂ ಹೇಳದೆ ಮುಂದೆ ನಡೆದ.

ಮಡಕೆಗಳ ಕೋಣೆಯಲ್ಲಿ, "ಒಂದು ಮಡಕೆ ಮೇಲೆ ಮಾಡಿದೋರ ಹೆಬ್ಬೆರಳು ಅಂಟಿಕೊಂಡಿದೆ, ಯಾವುದು?" ಎಂದ. ಎರಡು ನಿಮಿಷದಲ್ಲಿ ಪತ್ತೆಯಾಯಿತು. ಮಕ್ಕಳು ಗಾಜಿನ ಈಚೆಯಿಂದ ತಮ್ಮ ಹೆಬ್ಬೆರಳು ಹಿಡಿದು ಅಳತೆ ನೋಡಿದವು. ಅದು ದೊಡ್ಡವರದಲ್ಲ, ನಮ್ಮಷ್ಟೇ ಇರೋ ಮಗುವಿನದು ಎಂದು ರೇಡಿಯೋ ಸಾರಿದಳು. ಮಾಮನಿಗೂ ಇದು ಹೊಸದು. ಅವನಿಗೆ ರೆಕ್ಕೆ ಬಂದಿತ್ತು. ದನಿ ಏರಿತ್ತು, ಎದೆ ಮುಂದಾಗಿತ್ತು. ಅದೇ ಹುಮ್ಮಸ್ಸಿನಲ್ಲಿ ಮೂರನೇ ಕೋಣೆಯ ಬಾಗಿಲಲ್ಲಿ ಎಲ್ಲರನ್ನೂ ತಡೆದು, ತುಟಿಯ ಮೇಲೆ ಬೆರಳಿಟ್ಟ.

"ಒಳಗೆ ಅಜ್ಜಿ ಕೂತಿರ್ತಾರೆ. ವಯಸ್ಸಾದೋರು, ಕಾಲು ನೋವು ಬೇರೆ. ಗಲಾಟೆ ಮಾಡ್ಬೇಡಿ. ಮೊದ್ಲು ನಾನು ಹೋಗಿ ಮಾತಾಡಿಸ್ತೀನಿ."

ಅಂಗಿಯ ಗುಂಡಿ ಸರಿಮಾಡಿಕೊಂಡು, ಕೈ ಮುಗಿದುಕೊಂಡೇ ಒಳಗೆ ಹೋದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಎದುರಿನ ಗೋಡೆಯ ಮೇಲೆ ಆಳೆತ್ತರದ ಒಂದು ಚಿತ್ರವಿತ್ತು. ಹಸಿರು ಶಾಲಿನ ಅಜ್ಜಿ ಕುರ್ಚಿಯಲ್ಲಿ ಕೂತು ಅವನನ್ನೇ ನೋಡುತ್ತಿದ್ದರು.

ಮಾಮ ಬೆಪ್ಪಾಗಿ ನಿಂತ. ಮುಗಿದ ಕೈ ಮುಗಿದಂತೆಯೇ ಇತ್ತು. ಗುಂಪಿನ ಹಿಂದೆಯೇ ಬಂದಿದ್ದ ಬಾಗಿಲು ಕಾಯುವ ಹೆಂಗಸು, "ಅಯ್ಯೋ, ಹಾಗಾದ್ರೆ ಆ ಎಣ್ಣೆ ಬಾಟ್ಲಿ ನಿಮ್ದೇನಾ? ಯಾರೋ ಚಿತ್ರದ ಕೆಳಗಿಟ್ಟು ಹೋಗಿದ್ರಂತೆ, ಇವತ್ತಿಗೂ ನಮ್ಮ ಕಪಾಟಿನಲ್ಲಿದೆ" ಎಂದಳು. ಅಧ್ಯಕ್ಷರು ಗೊಳ್ಳೆಂದು ನಕ್ಕರು. "ಚಿತ್ರ ಯಾವುದು, ಮನುಷ್ಯರು ಯಾರು ಅಂತ ಗೊತ್ತಿಲ್ಲದೋರು ಗೈಡು! ಸಾಕು ಟೀಚರ್, ಹೊರಡೋಣ."

ದೊಡ್ಡ ಟೀಚರ ಮುಖ ಬಿಳಿಚಿಕೊಂಡಿತು. ಮಾಮನ ಕಿವಿ ಕೆಂಪಗೆ ಕಾದಿತ್ತು. ಇಪ್ಪತ್ತೆರಡು ವರ್ಷದ ಹಿಂದಿನ ಆ ಬಾಗಿಲೇ ಮತ್ತೆ ಮುಖಕ್ಕೆ ಬಡಿದಂತಾಯಿತು. ಮಕ್ಕಳು ಪಿಳಿಪಿಳಿ ನೋಡುತ್ತಿದ್ದವು. ಅವನು ತಲೆ ಎತ್ತಿದ. ಅಜ್ಜಿ ಇನ್ನೂ ಅವನನ್ನೇ ನೋಡುತ್ತಿದ್ದರು, ತುಟಿಯಂಚಿನಲ್ಲಿ ನಗು. ನಕ್ಕರು ಎಂದು ಮಕ್ಕಳು ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ! ಮಾಮನ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಸಾರ್, ಒಂದು ನಿಮಿಷ" ಎಂದ ಆಮೇಲೆ. "ನಾನು ದಡ್ಡನೇ, ಒಪ್ಕೊಂಡೆ. ಆದ್ರೆ ಇಪ್ಪತ್ತೆರಡು ವರ್ಷದಲ್ಲಿ ಮುನ್ನೂರು ಮಕ್ಕಳಾದ್ರೂ ಇವರನ್ನ ನೋಡಿ ಬಂದು ನನಗೆ ಹೇಳಿದಾರೆ. ಅಜ್ಜಿ ಕೂತಿದ್ರು ಅಂದ್ರು, ನೋಡಿದ್ರು ಅಂದ್ರು, ನಕ್ರು ಅಂದ್ರು. ಒಂದೇ ಒಂದು ಮಗೂನೂ 'ಚಿತ್ರ' ಅನ್ನಲಿಲ್ಲ. ಬರೆದೋರ ಕೈ ಎಂಥದ್ದಿರಬೇಕು ಸಾರ್! ಮಕ್ಕಳೇ, ನಿಮ್ಮಲ್ಲಿ ಯಾರಿಗಾದ್ರೂ ಇದು ಚಿತ್ರ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮಾಮ. ಆದ್ರೆ ಅಜ್ಜಿ ಇಲ್ಲೇ ಕೂತಿದಾರಲ್ಲ!" ಎಂದಳು ರೇಡಿಯೋ. ಅಷ್ಟು ಹೇಳಿ ತಾತನ ಕೈ ಹಿಡಿದು ಎಡಕ್ಕೆ ಎಳೆದುಕೊಂಡು ಹೋದಳು. "ತಾತ, ಇಲ್ಲಿಂದ ನೋಡಿ. ಈಗ ಆ ಕಡೆಯಿಂದ. ನೋಡ್ತಿದಾರಾ ಇಲ್ವಾ?"

ಅಧ್ಯಕ್ಷರು ಎಡಕ್ಕೆ ಹೋದರು, ಬಲಕ್ಕೆ ಬಂದರು. ಮತ್ತೆ ಎಡಕ್ಕೆ ಹೋದರು. ನಗು ಎಲ್ಲೋ ಬಿದ್ದುಹೋಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಚಿತ್ರದ ಹತ್ತಿರಕ್ಕೆ ಹೋಗಿ ನಿಂತವರು, ಎಲ್ಲರೂ ನಾಲ್ಕನೇ ಕೋಣೆಗೆ ಹೋದರೂ ಬರಲಿಲ್ಲ. ಕೊನೆಗೆ ಮೊಮ್ಮಗಳೇ ಹೋಗಿ ಕರೆತರಬೇಕಾಯಿತು. ಹೊರಡುವಾಗ ಮಾಮ ಅಜ್ಜಿಗೆ ಇನ್ನೊಂದು ಸಲ ಕೈ ಮುಗಿದ. ಈ ಸಲ ಗೊತ್ತಿದ್ದೇ ಮುಗಿದ.

ಬಸ್ಸು ಶಾಲೆಯ ಮುಂದೆ ನಿಂತಿತು. ಟಿಕೆಟ್ಟು ಶುರುವಾಯಿತು. ಹತ್ತಾರು ಮಕ್ಕಳು ಇಳಿದ ಮೇಲೆ ಅಧ್ಯಕ್ಷರು ಗಂಭೀರವಾಗಿ ಎದ್ದು ಬಾಗಿಲ ಕಡೆ ಹೆಜ್ಜೆ ಹಾಕಿದರು. ರೇಡಿಯೋ ಎರಡೂ ಕೈ ಚಾಚಿ ಅಡ್ಡ ನಿಂತಳು. "ತಾತ, ಟಿಕೆಟ್!"

"ನನಗೂ ಉಂಟಾ?"

"ಎಲ್ಲರಿಗೂ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ದೋಣಿಗೆ ಮೊಳೆ ಇಲ್ಲ."

"ಆಗಿದೆ! ಆಗಿದೆ!" ಎಂದು ಇಡೀ ಬಸ್ಸು ಕೂಗಿತು. ಮಾಮ ಕನ್ನಡಿಯಲ್ಲಿ ನೋಡುತ್ತಿದ್ದ.

ಅಧ್ಯಕ್ಷರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಮೆಲ್ಲಗೆ, "ಅಜ್ಜಿಯ ಶಾಲು ಒಂದು ಕಡೆ ಹರಿದಿದೆ. ಹಸಿರು ದಾರ ಸಿಗದೆ ನೀಲಿಯಲ್ಲಿ ಹೊಲಿದಿದ್ದಾರೆ. ನಮ್ಮಮ್ಮ ಹೀಗೇ ಹೊಲೀತಿದ್ರು" ಎಂದರು.

ಮಾಮ ಸೀಟಿನಿಂದ ಪೂರ್ತಿ ತಿರುಗಿದ. "ಇದನ್ನ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ ಸಾರ್. ಇಳೀಬಹುದು."

ಶಿಸ್ತಿನ ಬಗ್ಗೆ ಒಂದು ಗಂಟೆ ಹತ್ತು ನಿಮಿಷ ಮಾತಾಡಿದ್ದ ಮನುಷ್ಯ ಮೂರೇ ಮಾತಾಡಿ, ಬಹುಮಾನ ಗೆದ್ದ ಹುಡುಗನ ಮುಖ ಹೊತ್ತು ಮೆಟ್ಟಿಲಿಳಿದರು. ಕೆಳಗೆ ನಿಂತು ದೊಡ್ಡ ಟೀಚರನ್ನು ಕೇಳಿದರು: "ಮುಂದಿನ ತಿಂಗಳು ಎಲ್ಲಿಗೆ?"

"ನಾಟಕದ ಮನೆಗೆ. ಆದ್ರೆ ಶನಿವಾರದ ಸಭೆ..."

"ಸಭೆಯಲ್ಲಿ ನಾನೇ ಹೇಳ್ತೀನಿ ಬಿಡಿ. ನನಗೊಂದು ಸೀಟಿರಲಿ. ಕಿಟಕಿ ಪಕ್ಕದ್ದು."

ಬಸ್ಸಿನೊಳಗೆ ಎದ್ದ ಕೂಗಿಗೆ ಬೀದಿಯ ಆ ತುದಿಯ ಅಂಗಡಿಯವರು ಹೊರಗೆ ಬಂದು ನೋಡಿದರು. ಉಳಿದ ಮಕ್ಕಳೂ ಟಿಕೆಟ್ಟು ಕೊಟ್ಟು ಇಳಿದವು. ಮಾಮ ಕೀಲಿ ತೆಗೆದುಕೊಂಡು ಎದ್ದರೆ, ಇಳಿದ ಮಕ್ಕಳೆಲ್ಲ ಬಾಗಿಲಿಗೆ ಅಡ್ಡ ಗುಂಪುಗಟ್ಟಿವೆ!

"ಇವತ್ತು ನೀವೂ ಒಳಗೆ ಬಂದಿದ್ರಿ. ಟಿಕೆಟ್ ಕೊಡಿ."

ಮಾಮ ಮೆಟ್ಟಿಲ ಮೇಲೆ ಕೂತುಬಿಟ್ಟ. "ದೋಣಿ ಹಿಂದುಗಡೆ ಕೂತು ನಡೆಸೋನಿಗೆ ಒಂದು ಹಲಗೆ ಇದೆ. ಅದರ ಮುಂದೆ ಎರಡು ಗುಳಿ ಬಿದ್ದಿದೆ. ಎಷ್ಟೋ ವರ್ಷ ಒಬ್ಬನೇ ಅಲ್ಲಿ ಕಾಲೂರಿ ಕೂತಿದಾನೆ. ಬಲಗಾಲಿನ ಗುಳಿ ಜಾಸ್ತಿ ಆಳ" ಎಂದ. "ಅಷ್ಟು ದೊಡ್ಡ ದೋಣೀಲಿ ಯಾರ್ಯಾರೋ ಎಲ್ಲೆಲ್ಲಿಗೋ ಹೋಗಿರ್ತಾರೆ. ಉಳಿದಿರೋದು ನಡೆಸಿದೋನ ಕಾಲಿನ ಗುರುತು. ಇಷ್ಟು ವರ್ಷ ಯಾರೂ ಅದನ್ನ ನನಗೆ ಹೇಳಲೇ ಇಲ್ಲ ಕಣ್ರೋ."

ರೇಡಿಯೋ ಅವನ ಪಕ್ಕದಿಂದ ನುಸುಳಿ ಬಸ್ಸಿನೊಳಗೆ ಹೋಗಿ, ಪೆಡಲ್ಲುಗಳ ಹತ್ತಿರ ಮಂಡಿಯೂರಿ ಬಗ್ಗಿದಳು. "ಇಲ್ಲೂ ಇದೆ! ಮಾಮಂದೂ ಇದೆ! ಬನ್ರೋ!" ಎಂದು ಕಿರುಚಿದಳು. ಮೂವತ್ತೂ ಮಕ್ಕಳು ಮತ್ತೆ ಬಸ್ಸು ಹತ್ತಿ, ರಬ್ಬರಿನ ಹಾಸಿನ ಮೇಲೆ ಸವೆದು ನುಣುಪಾದ ಆ ಎರಡು ಹಿಮ್ಮಡಿ ಗುರುತನ್ನು ಒಬ್ಬೊಬ್ಬರಾಗಿ ಬಗ್ಗಿ ನೋಡಿದವು.

ಸೋಮವಾರ ಮಾಮ ಎಂದಿನಂತೆ ಕುರ್ಚಿ ಹೊತ್ತು ತಂದು ಒರೆಸಿ ಇಟ್ಟ. ಆದರೆ ಅವತ್ತು ಯಾರನ್ನೂ ಕರೆತಂದಿರಲಿಲ್ಲ. ಗೇಟಿನಲ್ಲಿ ನಿಂತು, "ಭಾಷಣ ಬೇಡ, ಮಾಡಿ ತೋರಿಸಿ" ಎಂದು ಅವನಿಗೆ ಕಿವಿಮಾತು ಹೇಳಿದವರು ದೊಡ್ಡ ಟೀಚರು. ಅವನ ಕಂಕುಳಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಬಸ್ಸಿನ ರಬ್ಬರ್ ಹಾಸು ಇತ್ತು. ಕೊನೆಯ ಬೆಂಚಿನಲ್ಲಿ ಹೊಸ ಸೀರೆಯುಟ್ಟ ಹೆಂಡತಿ, ಪಕ್ಕದಲ್ಲಿ ಅಧ್ಯಕ್ಷರು. ಮಾಮ ಕೋಣೆಯನ್ನೆಲ್ಲ ಒಮ್ಮೆ ನೋಡಿ, ಹಾಸನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ.